ಬಿಸಿನೀರಿಗೆ ಒತ್ತಡ ಎಲ್ಲಿಂದ ಬರುತ್ತದೆ

ಮನೆಯ ಬಿಸಿನೀರಿನ ನಲ್ಲಿಯಲ್ಲಿ ನೀರು ಸಣ್ಣಗೆ ಬರತೊಡಗಿದರೆ ‘ಪ್ರೆಷರ್ ಇಲ್ಲ’ ಎಂಬ ಒಂದೇ ಮಾತಿನಲ್ಲಿ ದೂರು ಮುಗಿಯುತ್ತದೆ. ಆದರೆ ಆ ದೂರಿನ ಹಿಂದೆ ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕಾರು ಕಾರಣಗಳಿರಬಹುದು, ಮತ್ತು ಒಂದಕ್ಕೆ ಮದ್ದಾಗುವ ಕ್ರಮ ಇನ್ನೊಂದಕ್ಕೆ ಕೆಡುಕನ್ನೇ ಮಾಡಬಹುದು. ಚಳಿದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವ ಬಾಯ್ಲರಿನ ಒತ್ತಡ ಇಳಿದಾಗ ಮಾಡುವ ಕೆಲಸವೂ, ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ತಾರಸಿಗಳ ಮೇಲಿನ ಸೋಲಾರ್ ಹೀಟರಿನಿಂದ ನೀರು ಇಳಿಯದಿದ್ದಾಗ ಪ್ಲಂಬರ್ ಮಾಡುವ ಕೆಲಸವೂ ನೋಟಕ್ಕೆ ಬೇರೆ ಬೇರೆ. ಎರಡನ್ನೂ ಆಳುವ ಭೌತನಿಯಮಗಳು ಮಾತ್ರ ಒಂದೇ. ಒತ್ತಡವನ್ನು ಮರಳಿ ತುಂಬುವ ಮೊದಲು ಅದು ಎಲ್ಲಿ ಕಳೆದುಹೋಯಿತೆಂದು ಕಂಡುಹಿಡಿಯಬೇಕೆಂಬುದು ಈ ಅಧ್ಯಾಯದ ವಾದ.

ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಎಷ್ಟು ಬಲ ಬೀಳುತ್ತದೆ ಎಂಬುದೇ ಒತ್ತಡದ ಅಳತೆ. ನಿಂತ ನೀರಿನಲ್ಲಿ ಈ ಬಲ ಹುಟ್ಟುವುದು ಮೇಲಿರುವ ನೀರಿನ ತೂಕದಿಂದ. ಹತ್ತು ಮೀಟರ್ ಎತ್ತರದ ನೀರಿನ ಕಂಬವು ತನ್ನ ಬುಡದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಒಂದು ಕಿಲೋಗ್ರಾಂ ಭಾರ ಹೊರಿಸುತ್ತದೆ, ಮತ್ತು ಈ ಪ್ರಮಾಣ ಬಾಯ್ಲರಿನ ಮಾಪಕಗಳು ತೋರಿಸುವ ‘ಬಾರ್’ ಎಂಬ ಅಳತೆಗೆ ಹತ್ತಿರ ಹತ್ತಿರ ಸಮವಾಗಿರುತ್ತದೆ. ಇಲ್ಲಿ ಎಣಿಕೆಗೆ ಬರುವುದು ಎತ್ತರ ಮಾತ್ರ. ಟ್ಯಾಂಕಿನ ಅಗಲವಾಗಲಿ, ಅದರಲ್ಲಿರುವ ಒಟ್ಟು ನೀರಿನ ಪ್ರಮಾಣವಾಗಲಿ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದನ್ನು ಡಚ್ ಗಣಿತಜ್ಞ ಸೈಮನ್ ಸ್ಟೆವಿನ್ 1586ರಲ್ಲೇ ತೋರಿಸಿಕೊಟ್ಟಿದ್ದನು. 500 ಲೀಟರಿನ ಟ್ಯಾಂಕನ್ನು ತೆಗೆದು ಅದೇ ಕಟ್ಟೆಯ ಮೇಲೆ, ಅದೇ ಎತ್ತರದ 2,000 ಲೀಟರಿನ ಟ್ಯಾಂಕನ್ನು ಕೂರಿಸಿದರೆ ನೀರು ಹೆಚ್ಚು ದಿನ ಬಂದೀತೇ ಹೊರತು ನಲ್ಲಿಯಲ್ಲಿ ರಭಸ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ.

ಗುಬ್ಬಿಯ ಒಂದು ಸಾಮಾನ್ಯ ಒಂದಂತಸ್ತಿನ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ತಾರಸಿ ನೆಲದಿಂದ 3 ಮೀಟರ್ ಎತ್ತರದಲ್ಲಿದ್ದು, ಅದರ ಮೇಲೆ ಒಂದೂವರೆ ಮೀಟರಿನ ಕಟ್ಟೆಯಿದ್ದು, ಟ್ಯಾಂಕಿನಲ್ಲಿ 80 ಸೆಂಟಿಮೀಟರ್ ನೀರಿದ್ದರೆ ನೀರಿನ ಮೇಲ್ಮೈ ನೆಲದಿಂದ 5.3 ಮೀಟರ್ ಮೇಲಿರುತ್ತದೆ. ನೆಲದಿಂದ 2.1 ಮೀಟರ್ ಎತ್ತರದ ಷವರಿಗೆ ಸಿಗುವ ನೀರಿನ ಕಂಬ 3.2 ಮೀಟರ್, ಅಂದರೆ ಮೂರನೇ ಒಂದು ಬಾರ್‌ಗಿಂತ ತುಸು ಕಡಿಮೆ. ಬಕೆಟ್ ಇಡುವ ನಲ್ಲಿ ಇನ್ನೂ ಕೆಳಗಿರುವುದರಿಂದ ಅದಕ್ಕೆ ಸಿಗುವುದು ನಾಲ್ಕೂವರೆ ಮೀಟರ್. ಬಕೆಟ್ಟಿಗೆ ಚೆನ್ನಾಗಿ ಬೀಳುವ ನೀರು ಷವರಿನಲ್ಲಿ ತೊಟ್ಟಿಕ್ಕುವುದಕ್ಕೆ ಈ ವ್ಯತ್ಯಾಸವೂ, ಷವರಿನ ಸಣ್ಣ ತೂತುಗಳು ಒಡ್ಡುವ ತಡೆಯೂ ಕೂಡಿ ಕಾರಣವಾಗುತ್ತವೆ. ಮನೆ ಎರಡಂತಸ್ತಿನದಾದರೆ ಮೇಲಿನವರಿಗೆ ಇದೇ 3.2 ಮೀಟರ್ ಸಿಗುತ್ತದೆ, ಕೆಳಗಿನವರಿಗೆ ಅದರ ದುಪ್ಪಟ್ಟಿನಷ್ಟು ಸಿಗುತ್ತದೆ.

ಇಲ್ಲಿ ಒಂದು ಉಪಯುಕ್ತ ಲೆಕ್ಕವಿದೆ. ತೂತಿನಿಂದ ಹೊರಬರುವ ನೀರಿನ ವೇಗ ನೀರಿನ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆಂದು ಇಟಲಿಯ ಟೊರಿಚೆಲ್ಲಿ ಹದಿನೇಳನೆಯ ಶತಮಾನದಲ್ಲಿ ಕಂಡುಕೊಂಡನು. ಹಾಗಾಗಿ ಮೇಲಿನ ಮನೆಯ ಟ್ಯಾಂಕು ಪೂರ್ತಿ ತುಂಬಿದ ಸ್ಥಿತಿಯಿಂದ ತಳ ಕಾಣುವವರೆಗೆ ಇಳಿದರೂ ಎತ್ತರ ನಾಲ್ಕನೇ ಒಂದು ಭಾಗ ಕಡಿಮೆಯಾಗುತ್ತದೆ, ಷವರಿನ ನೀರು ಮಾತ್ರ ನೂರಕ್ಕೆ 13ರಷ್ಟೇ ಕುಗ್ಗುತ್ತದೆ. ಮೊನ್ನೆಯವರೆಗೆ ಚೆನ್ನಾಗಿ ಬರುತ್ತಿದ್ದ ನೀರು ಅರ್ಧಕ್ಕೂ ಕಾಲಿಗೂ ಇಳಿದಿದ್ದರೆ ಟ್ಯಾಂಕಿನ ಮಟ್ಟವನ್ನು ದೂರಿ ಪ್ರಯೋಜನವಿಲ್ಲ; ಎತ್ತರ ಇದ್ದಲ್ಲಿಯೇ ಇದೆ, ದಾರಿಯಲ್ಲಿ ಏನೋ ತಡೆದಿದೆ.

ಹಿಂದಿನ ಬಚ್ಚಲುಮನೆಯಲ್ಲಿ ಈ ಲೆಕ್ಕಗಳ ಅಗತ್ಯವೇ ಇರಲಿಲ್ಲ. ಒಲೆಯ ಮೇಲೆ ಹೂತ ಹಂಡೆಯ ಬಾಯಿ ತೆರೆದೇ ಇರುತ್ತಿತ್ತು, ನೀರನ್ನು ಚೊಂಬಿನಲ್ಲಿ ಮೊಗೆದುಕೊಳ್ಳಲಾಗುತ್ತಿತ್ತು. ಆ ಬಳಿಕ ಬಂದ ತಾಮ್ರದ ಬಾಯ್ಲರ್ ಇದಕ್ಕಿಂತ ಜಾಣತನದ ಸಾಧನವಾಗಿತ್ತು: ನಡುವೆ ಬೆಂಕಿಯ ಕೊಳವೆ, ಅದರ ಸುತ್ತ ನೀರು, ಮೇಲೊಂದು ಆಲಿಕೆ, ಬದಿಯಲ್ಲೊಂದು ನಲ್ಲಿ. ಆಲಿಕೆಗೆ ಒಂದು ಚೊಂಬು ತಣ್ಣೀರು ಹೊಯ್ದರೆ ಅದು ಒಳಗಿನ ಕೊಳವೆಯಲ್ಲಿ ತಳಕ್ಕೆ ಇಳಿದು, ಮೇಲೆ ನಿಂತಿದ್ದ ಬಿಸಿನೀರನ್ನು ಅಷ್ಟೇ ಪ್ರಮಾಣದಲ್ಲಿ ನಲ್ಲಿಯಿಂದ ಹೊರದೂಡುತ್ತಿತ್ತು. ತೆಂಗಿನ ಸೀಮೆಯಾದ ಗುಬ್ಬಿ–ತಿಪಟೂರುಗಳಲ್ಲಿ ಕಾಯಿಮಟ್ಟೆ, ಕರಟ, ಸೋಗೆಗಳು ಇದಕ್ಕೆ ಪುಕ್ಕಟೆ ಉರುವಲಾಗಿದ್ದವು. ನೀರು ಉಬ್ಬಿದರೂ ಕುದಿದರೂ ಆವಿ ಆಲಿಕೆಯಿಂದ ಹೊರಹೋಗುತ್ತಿದ್ದುದರಿಂದ ಒಳಗೆ ಒತ್ತಡ ಸೇರಿಕೊಳ್ಳುವ ಅವಕಾಶವೇ ಇರಲಿಲ್ಲ, ಮತ್ತು ಈ ಬಗೆಯನ್ನು ‘ತೆರೆದ ವ್ಯವಸ್ಥೆ’ ಎಂದು ಕರೆಯುವುದು ಉಚಿತ. ಇಂದಿನ ಸೋಲಾರ್ ಹೀಟರುಗಳಲ್ಲಿ ಹೆಚ್ಚಿನವು ರೂಪ ಬದಲಿಸಿಕೊಂಡ ತೆರೆದ ವ್ಯವಸ್ಥೆಗಳೇ ಆಗಿವೆ.

ಬೆಂಗಳೂರು ಮತ್ತು ಅದರ ಸುತ್ತಲ ಜಿಲ್ಲೆಗಳಲ್ಲಿ ಸೋಲಾರ್ ಹೀಟರ್ ಇಷ್ಟು ವ್ಯಾಪಕವಾಗಿ ಹರಡಲು ಬಿಸಿಲಿನಷ್ಟೇ ವಿದ್ಯುತ್ ಸಂಪರ್ಕದ ನಿಯಮಗಳೂ ಕಾರಣವಾದವು. ತುಮಕೂರು ಸೇರಿರುವ ಬೆಸ್ಕಾಂ ವ್ಯಾಪ್ತಿಯಲ್ಲಿ ಹೀಟರ್ ಹಾಕಿಸಿದ ಮನೆಗಳಿಗೆ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿಯ ರಿಯಾಯಿತಿಯನ್ನು ಬಹುಕಾಲ ಬಿಲ್ಲಿನಲ್ಲಿ ಕೊಡಲಾಗಿದೆ. ಈ ಸಾಧನದಲ್ಲಿ ಮೋಟಾರಿಲ್ಲ. ಬಿಸಿಲಿಗೆ ಕಾದ ಫಲಕದ ಅಥವಾ ಗಾಜಿನ ಕೊಳವೆಯ ನೀರು ಹಿಗ್ಗಿ ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ತಣ್ಣಗಿನ ಭಾರದ ನೀರು ಕೆಳಗಿಳಿದು ಅದರ ಜಾಗ ಹಿಡಿಯುತ್ತದೆ. ಈ ತಾನಾಗಿ ನಡೆಯುವ ಸುತ್ತಾಟಕ್ಕೆ ಥರ್ಮೋಸೈಫನ್ ಎಂದು ಹೆಸರು. ಇದನ್ನು ನಡೆಸುವ ಒತ್ತಡ ಎಷ್ಟು ನವಿರಾದುದೆಂದು ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಒಂದು ಘನಮೀಟರ್ ನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 998 ಕಿಲೋಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 983 ಕಿಲೋಗ್ರಾಂ ತೂಗುತ್ತದೆ. ಒಂದು ಮೀಟರ್ ಎತ್ತರದ ಎರಡು ಕಂಬಗಳ ನಡುವೆ ಈ ವ್ಯತ್ಯಾಸ ಉಂಟುಮಾಡುವ ಒತ್ತಡ ಕೇವಲ ಒಂದೂವರೆ ಸೆಂಟಿಮೀಟರ್ ನೀರಿನ ಎತ್ತರಕ್ಕೆ ಸಮ. ಹೆಬ್ಬೆರಳಿನ ಅಗಲದಷ್ಟು ನೀರಿನ ಈ ಒತ್ತಡವೇ ಇಡೀ ದಿನ ನೂರಾರು ಲೀಟರ್ ನೀರನ್ನು ಸುತ್ತಾಡಿಸುತ್ತದೆ. ಫಲಕದ ಕೊಳವೆ ನಡುವೆ ಎಲ್ಲಾದರೂ ಮೇಲಕ್ಕುಬ್ಬಿ ಅಲ್ಲಿ ಒಂದಿಷ್ಟು ಗಾಳಿ ನಿಂತರೂ ಸಾಕು, ಸುತ್ತಾಟ ನಿಂತುಹೋಗಿ ಫಲಕ ಸುಡುತ್ತಿದ್ದರೂ ಟ್ಯಾಂಕಿನ ನೀರು ತಣ್ಣಗೇ ಉಳಿಯುತ್ತದೆ. ಟ್ಯಾಂಕನ್ನು ಫಲಕಕ್ಕಿಂತ ಮೇಲೆ ಕೂರಿಸುವುದಕ್ಕೂ ಇದೇ ಕಾರಣ. ತಗ್ಗಿನಲ್ಲಿ ಕೂರಿಸಿದರೆ ರಾತ್ರಿಯಲ್ಲಿ ಸುತ್ತಾಟ ತಿರುಗುಮುರುಗಾಗಿ, ಹಗಲು ಗಳಿಸಿದ ಬಿಸಿಯನ್ನು ಫಲಕ ಆಕಾಶಕ್ಕೆ ಬಿಟ್ಟುಕೊಡುತ್ತದೆ.

ಆದರೆ ನಲ್ಲಿಗೆ ನೀರನ್ನು ತಳ್ಳುವುದು ಈ ನವಿರಾದ ಒತ್ತಡವಲ್ಲ, ಮೇಲಿರುವ ತಣ್ಣೀರಿನ ಟ್ಯಾಂಕಿನ ಎತ್ತರ. ಆ ದಾರಿಯಲ್ಲಿ ಬರುವ ತೊಡಕುಗಳಲ್ಲಿ ತುಮಕೂರಿನ ಪ್ಲಂಬರುಗಳು ಬಹಳ ಸಲ ಎದುರಿಸುವುದು ‘ಏರ್ ಲಾಕ್’. ‘ಪೈಪಿನಲ್ಲಿ ಏರ್ ಹಿಡಿದಿದೆ’ ಎಂದು ಅವರು ಹೇಳುವುದು ಇದನ್ನೇ. ನೀರು ದಿನಬಿಟ್ಟು ದಿನ ಬರುವ ಊರುಗಳಲ್ಲಿ ಸಂಪು ಬರಿದಾಗುತ್ತದೆ, ತಾರಸಿಯ ಟ್ಯಾಂಕು ಒಣಗುತ್ತದೆ, ನೀರು ಖಾಲಿಯಾದ ಪೈಪಿನೊಳಗೆ ಗಾಳಿ ಹೊಕ್ಕುತ್ತದೆ. ಮರುದಿನ ನೀರುಗಂಟಿ ವಾಲ್ವ್ ತಿರುಗಿಸಿ, ಸಂಪು ತುಂಬಿ, ಮೋಟಾರ್ ಓಡಿ, ನೀರು ಮರಳಿ ಪೈಪಿಗೆ ಇಳಿದಾಗ ಆ ಗಾಳಿಗೆ ಹೊರಹೋಗುವ ದಾರಿ ಇರುವುದಿಲ್ಲ. ಜೊತೆಗೆ ತಣ್ಣೀರಿನಲ್ಲಿ ಕರಗಿರುವ ಗಾಳಿ ನೀರು ಕಾದಂತೆಲ್ಲ ಗುಳ್ಳೆಗಳಾಗಿ ಬಿಡುಗಡೆಯಾಗುವುದರಿಂದ ತಣ್ಣೀರಿನ ಪೈಪಿಗಿಂತ ಬಿಸಿನೀರಿನ ಪೈಪಿನಲ್ಲಿ ಈ ತೊಡಕು ಹೆಚ್ಚು.

ಗಾಳಿಯ ಗುಳ್ಳೆ ನೀರನ್ನು ತಡೆಯುವುದು ಬಿರಡೆಯಂತೆ ಗಟ್ಟಿಯಾಗಿ ನಿಂತಲ್ಲ. ಪ್ಯಾರಪೆಟ್ ಗೋಡೆಯನ್ನು ದಾಟಿಸಲು ಪೈಪನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿದ ಜಾಗದಲ್ಲಿ ಗಾಳಿ ಸೇರಿತೆನ್ನಬಹುದು. ಗಾಳಿಗೆ ತೂಕ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಗುಳ್ಳೆಯ ಎರಡು ತುದಿಗಳಲ್ಲೂ ಒತ್ತಡ ಒಂದೇ. ಆದರೆ ಒಂದು ಬದಿಯಲ್ಲಿ ನೀರು ಮೇಲಿನ ಮಟ್ಟದಲ್ಲೂ ಇನ್ನೊಂದು ಬದಿಯಲ್ಲಿ ಕೆಳಗಿನ ಮಟ್ಟದಲ್ಲೂ ನಿಂತಿದ್ದರೆ ಆ ಎರಡು ಮಟ್ಟಗಳ ನಡುವಿನ ಎತ್ತರ ಲೆಕ್ಕದಿಂದ ಕಳೆದುಹೋಗುತ್ತದೆ, ಏಕೆಂದರೆ ಅಷ್ಟು ಎತ್ತರದಲ್ಲಿ ತೂಗಬೇಕಾದ ನೀರಿನ ಬದಲು ತೂಕವಿಲ್ಲದ ಗಾಳಿಯಿದೆ. ಇಂಥ ಏರಿಳಿತ ಮೂರು ಕಡೆ ಇದ್ದು ಪ್ರತಿಯೊಂದರಲ್ಲೂ 80 ಸೆಂಟಿಮೀಟರ್ ಕಳೆದರೆ ಗುಬ್ಬಿಯ ಆ ಮನೆಯ 3.2 ಮೀಟರಿನಲ್ಲಿ 2.4 ಮೀಟರ್ ಮಾಯವಾಗುತ್ತದೆ. ನಾಲ್ಕು ಕಡೆ ಇದ್ದರೆ ನೀರು ಪೂರ್ತಿ ನಿಂತೇಹೋಗುತ್ತದೆ. ಪೈಪು ಎಲ್ಲೂ ಒಡೆದಿರುವುದಿಲ್ಲ, ಎಲ್ಲೂ ಕಟ್ಟಿರುವುದಿಲ್ಲ, ಟ್ಯಾಂಕು ತುಂಬಿರುತ್ತದೆ.

ಗಾರೆಯವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪು ಈ ದೋಷವನ್ನು ಹಿಡಿಯಲು ಸಾಕು, ಬೆಲೆಬಾಳುವ ಮಾಪಕ ಬೇಕಿಲ್ಲ. ನೀರು ತಣ್ಣಗಿರುವ ಹೊತ್ತಿನಲ್ಲಿ ಬಿಸಿನೀರಿನ ನಲ್ಲಿಯ ಬಾಯಿಗೆ ಅದರ ಒಂದು ತುದಿಯನ್ನು ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿಯನ್ನು ಕಿಟಕಿಯಿಂದ ಹೊರಗೆ ತಂದು ತಾರಸಿಯ ಟ್ಯಾಂಕಿನ ಎತ್ತರಕ್ಕೆ ಹಿಡಿದು ನಲ್ಲಿ ತಿರುಗಿಸಿದರೆ, ನೀರು ಲೆವೆಲ್ ಪೈಪಿನಲ್ಲಿ ಏರಿ ಒಂದು ಕಡೆ ನಿಲ್ಲುತ್ತದೆ. ಟ್ಯಾಂಕಿನ ನೀರಿನ ಮಟ್ಟಕ್ಕೇ ಬಂದು ನಿಂತರೆ ಗಾಳಿಯ ತೊಡಕಿಲ್ಲ. ಅದಕ್ಕಿಂತ ಕೆಳಗೆ ನಿಂತರೆ ಆ ಕೊರತೆಯೇ ಗಾಳಿ ನುಂಗಿದ ಎತ್ತರ. ನೀರು ನಿಧಾನವಾಗಿ ಏರಿದರೂ ಕೊನೆಗೆ ಪೂರ್ತಿ ಮಟ್ಟ ಮುಟ್ಟಿದರೆ ದೋಷ ಬೇರೆ ಬಗೆಯದು, ಅಂದರೆ ಪೈಪು ಒಳಗೆ ಕಿರಿದಾಗಿದೆ ಅಥವಾ ಯಾವುದೋ ವಾಲ್ವ್ ಅರ್ಧ ಮುಚ್ಚಿದೆ. ನಿಂತ ನೀರಿನ ಒತ್ತಡಕ್ಕೂ ಹರಿಯುವ ನೀರಿನ ರಭಸಕ್ಕೂ ಇರುವ ವ್ಯತ್ಯಾಸವನ್ನು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣಿಸುವ ಪರೀಕ್ಷೆ ಮತ್ತೊಂದಿಲ್ಲ. ರಿಪೇರಿಗೆ ಬರುವ ಪ್ರತಿಯೊಬ್ಬರ ಚೀಲದಲ್ಲೂ ಒಂದು ಲೆವೆಲ್ ಪೈಪ್ ಇರುವಂತಾದರೆ ಎಷ್ಟೋ ಮನೆಗಳ ಗೋಡೆಗಳು ವೃಥಾ ಅಗೆಸಿಕೊಳ್ಳುವುದು ತಪ್ಪುತ್ತದೆ.

ಸಿಕ್ಕಿದ ಗಾಳಿಯನ್ನು ಬಿಡಿಸಲು ಅತಿ ಕೆಳಗಿನ ಬಿಸಿನೀರಿನ ನಲ್ಲಿಗಳನ್ನು ಪೂರ್ತಿ ತೆರೆದಿಟ್ಟು ರಭಸದ ಹರಿವಿನಿಂದ ಗುಳ್ಳೆಯನ್ನು ಕೆಳಕ್ಕೆ ಎಳೆದುಕೊಳ್ಳುವುದು ಮೊದಲ ಕ್ರಮ. ಅದು ಫಲಿಸದಿದ್ದರೆ ಮಿಕ್ಸರಿನ ಬಾಯಿ ಮುಚ್ಚಿ ತಣ್ಣೀರು–ಬಿಸಿನೀರಿನ ಎರಡೂ ಹಿಡಿಗಳನ್ನು ತೆರೆದು, ಹೆಚ್ಚು ಒತ್ತಡದ ತಣ್ಣೀರು ಬಿಸಿನೀರಿನ ಪೈಪಿನಲ್ಲಿ ಹಿಮ್ಮುಖವಾಗಿ ಏರಿ ಗಾಳಿಯನ್ನು ಸೋಲಾರ್ ಟ್ಯಾಂಕಿನ ಗಾಳಿಕೊಳವೆಯತ್ತ ದೂಡುವಂತೆ ಮಾಡಲಾಗುತ್ತದೆ. ಈ ಕೆಲಸವನ್ನು, ಅದರಲ್ಲೂ ಟ್ಯಾಂಕು ಬರಿದಾಗಿದ್ದ ಗಾಜಿನ ಕೊಳವೆಯ ಹೀಟರಿಗೆ ನೀರು ತುಂಬಿಸುವುದನ್ನು, ಸೂರ್ಯ ಏರುವ ಮೊದಲು ಅಥವಾ ಸಂಜೆ ತಂಪಾದ ಮೇಲೆಯೇ ಮಾಡಬೇಕು. ನೀರಿಲ್ಲದೆ ಬಿಸಿಲಿಗೆ ನಿಂತ ನಿರ್ವಾತ ಕೊಳವೆಯ ಒಳಗೋಡೆ 200 ಡಿಗ್ರಿ ಮೀರಿ ಕಾದಿರುವುದರಿಂದ ತಣ್ಣೀರು ತಾಗಿದೊಡನೆ ಗಾಜು ಸಿಡಿಯುವ ಅಪಾಯವಿದೆ. ಮತ್ತೆ ಮತ್ತೆ ಗಾಳಿ ಸೇರುವ ಮನೆಯಲ್ಲಿ ಶಾಶ್ವತ ಪರಿಹಾರ ಪೈಪಿನ ದಾರಿಯನ್ನೇ ಬದಲಿಸುವುದು: ಟ್ಯಾಂಕಿನಿಂದ ಹೊರಟ ಪೈಪು ಒಂದೇ ಸಮನೆ ಇಳಿಜಾರಾಗಿರಬೇಕು, ಏರಿಸಲೇಬೇಕಾದ ಕಡೆ ಏರಿನ ತುದಿಯಲ್ಲಿ ಗಾಳಿ ಬಿಡುವ ಕೊಳವೆ ಇರಬೇಕು.

ಮನೆಯಲ್ಲಿ ಹೀಗೆ ತೊಡಕಾಗುವ ಗಾಳಿಯನ್ನೇ ಕುಣಿಗಲ್ ತಾಲ್ಲೂಕಿನ ಒಂದು ದೊಡ್ಡ ಕಟ್ಟಡ ಕೆಲಸಕ್ಕೆ ಹಚ್ಚಿಕೊಂಡಿದೆ. ಶಿಂಷಾ ನದಿಗೆ ಅಡ್ಡಲಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಲಾದ ಮಾರ್ಕೋನಹಳ್ಳಿ ಜಲಾಶಯದಲ್ಲಿ ಹೆಚ್ಚುವರಿ ನೀರನ್ನು ಹೊರಬಿಡಲು ತಾನಾಗಿ ನಡೆಯುವ ಸೈಫನ್‌ಗಳಿವೆ. ಸೈಫನ್ ಎಂದರೆ ನೀರನ್ನು ಒಂದು ಏರಿನ ಮೇಲೆ ಹತ್ತಿಸಿ ಆಚೆಗೆ ಇನ್ನೂ ಕೆಳಕ್ಕೆ ಇಳಿಸುವ, ಬಾಗಿದ ಕೊಳವೆ. ಜಲಾಶಯದ ಮಟ್ಟ ಕೊಳವೆಯ ಒಳನೆತ್ತಿಯನ್ನು ಮೀರಿದಾಗ ಹರಿಯತೊಡಗಿದ ನೀರು ಒಳಗಿನ ಗಾಳಿಯನ್ನು ತನ್ನೊಡನೆ ಸೆಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾಗುತ್ತಲೇ ಕೊಳವೆ ತುಂಬಿಕೊಂಡು, ಹೊರಗಿನ ವಾಯುಮಂಡಲದ ಒತ್ತಡ ಜಲಾಶಯದ ನೀರನ್ನು ನೆತ್ತಿಯ ಮೇಲೆ ಹತ್ತಿಸುತ್ತಾ ಭೋರ್ಗರೆಯುವ ಹರಿವು ಆರಂಭವಾಗುತ್ತದೆ. ನೀರು ಸಾಕಷ್ಟು ಇಳಿದು ಗಾಳಿಗಂಡಿ ತೆರೆದುಕೊಂಡಾಗ ಗಾಳಿ ಒಳನುಗ್ಗಿ ನೀರಿನ ಕಂಬ ಮುರಿಯುತ್ತದೆ, ಹರಿವು ನಿಲ್ಲುತ್ತದೆ. ಬಾಗಿಲು ಎತ್ತುವ ಕೆಲಸಗಾರನಾಗಲಿ ವಿದ್ಯುತ್ ಆಗಲಿ ಬೇಕಿಲ್ಲ. ಸಮುದ್ರಮಟ್ಟದಲ್ಲಿ ವಾಯುಮಂಡಲ ಹತ್ತು ಮೀಟರಿಗಿಂತ ತುಸು ಹೆಚ್ಚು ಎತ್ತರದ ನೀರಿನ ಕಂಬವನ್ನು ಹೊರಬಲ್ಲದು. ಸುಮಾರು 730 ಮೀಟರ್ ಎತ್ತರದ ಮಾರ್ಕೋನಹಳ್ಳಿಯಲ್ಲಿ ಈ ಮಿತಿ ಒಂಬತ್ತೂವರೆ ಮೀಟರಿನಷ್ಟು, 820 ಮೀಟರಿನ ಆಸುಪಾಸಿನಲ್ಲಿರುವ ತುಮಕೂರಿನಲ್ಲಿ ಇನ್ನೂ ಸ್ವಲ್ಪ ಕಡಿಮೆ. ತುಮಕೂರಿನಲ್ಲಿ ನೀರು 100ರ ಬದಲು 97 ಡಿಗ್ರಿಯ ಸುಮಾರಿಗೇ ಕುದಿಯುವುದೂ ವಾಯುಮಂಡಲದ ಈ ಕೊರತೆಯಿಂದಲೇ.

ಸೋಲಾರ್ ಟ್ಯಾಂಕಿನ ಮೇಲೆ ಹೊಗೆಗೂಡಿನಂತೆ ಎದ್ದುನಿಂತಿರುವ ಸಣ್ಣ ಗಾಳಿಕೊಳವೆಯನ್ನು ಅನೇಕರು ಅನಗತ್ಯವೆಂದು ಮುಚ್ಚಿಸಿಬಿಡುತ್ತಾರೆ, ಅಥವಾ ಅದರಿಂದ ನೀರು ತೊಟ್ಟಿಕ್ಕುತ್ತದೆಂದು ಬಾಯಿಗೆ ಬಟ್ಟೆ ತುರುಕುತ್ತಾರೆ. ಇದು ದೊಡ್ಡ ತಪ್ಪು. 200 ಲೀಟರ್ ನೀರು 20ರಿಂದ 60 ಡಿಗ್ರಿಗೆ ಕಾದರೆ ಮೂರು ಲೀಟರಿನಷ್ಟು ಹಿಗ್ಗುತ್ತದೆ, ಆ ಹಿಗ್ಗಿಗೂ ನೀರಿನಿಂದ ಬಿಡುಗಡೆಯಾದ ಗಾಳಿಗೂ ಆವಿಗೂ ಇರುವ ಬಾಗಿಲು ಈ ಕೊಳವೆ. ಅದರ ತುದಿ ತಣ್ಣೀರಿನ ಟ್ಯಾಂಕಿನ ತುಂಬುಮಟ್ಟಕ್ಕಿಂತ ಎತ್ತರದಲ್ಲಿದ್ದರೆ ನೀರು ಚೆಲ್ಲುವುದಿಲ್ಲ. ಚೆಲ್ಲುತ್ತಿದ್ದರೆ ಕೊಳವೆಯನ್ನು ಎತ್ತರಿಸಬೇಕೇ ವಿನಾ ಮುಚ್ಚಬಾರದು. ಮುಚ್ಚಿದಾಗ ಇನ್ನೊಂದು ಅಪಾಯ ಹೊಂಚಿರುತ್ತದೆ: ತಣ್ಣೀರು ನಿಂತುಹೋದ ದಿನ ಕೆಳಗಿನ ನಲ್ಲಿಯನ್ನು ತೆರೆದರೆ ಇಳಿಯುವ ನೀರು ಟ್ಯಾಂಕಿನೊಳಗೆ ನಿರ್ವಾತವನ್ನು ಉಂಟುಮಾಡುತ್ತದೆ. ನಲ್ಲಿ ಟ್ಯಾಂಕಿಗಿಂತ ಬರೀ ಎರಡು ಮೀಟರ್ ಕೆಳಗಿದ್ದರೂ ಟ್ಯಾಂಕಿನ ಪ್ರತಿ ಚದರ ಮೀಟರ್ ತಗಡಿನ ಮೇಲೆ ಹೊರಗಿನ ಗಾಳಿ ಎರಡು ಟನ್ನಿನಷ್ಟು ಹೆಚ್ಚುವರಿ ಬಲ ಹಾಕಬಹುದು, ಒಂದು ಮಿಲಿಮೀಟರ್ ದಪ್ಪವೂ ಇಲ್ಲದ ಒಳತಗಡು ಅದನ್ನು ತಾಳಲಾರದೆ ಒಳಕ್ಕೆ ಕುಸಿಯುತ್ತದೆ.

ಗಾಳಿಯ ತೊಡಕು ಒಂದೇ ದಿನದಲ್ಲಿ ಬರುತ್ತದೆ. ಸುಣ್ಣದ ತೊಡಕು ವರ್ಷಗಳಲ್ಲಿ ಬರುತ್ತದೆ. ತುಮಕೂರು ನಗರಕ್ಕೆ ಗೊರೂರಿನ ಹೇಮಾವತಿ ಜಲಾಶಯದ ನೀರು ನಾಲೆಯ ಮೂಲಕ ಹರಿದುಬಂದು ಬುಗುಡನಹಳ್ಳಿ ಕೆರೆಯಲ್ಲಿ ಸಂಗ್ರಹವಾಗಿ ಪೂರೈಕೆಯಾಗುತ್ತದೆ. ಮಲೆನಾಡಿನ ಮಳೆಯಿಂದ ಹುಟ್ಟಿದ ಈ ನೀರು ಮೆದು. ನಾಲೆಯ ನೀರು ಸಾಲದ ಬಡಾವಣೆಗಳೂ ಸುತ್ತಲ ಹಳ್ಳಿಗಳೂ ನಂಬಿರುವುದು ಬೋರ್‌ವೆಲ್ಲನ್ನು, ಮತ್ತು ನೈಸ್ ಹಾಗೂ ಗ್ರಾನೈಟ್ ಬಂಡೆಗಳ ಬಿರುಕುಗಳಲ್ಲಿ ದೀರ್ಘಕಾಲ ನಿಂತ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವುದರಿಂದ ಅದು ಗಡಸು. ಕುಡಿಯುವ ನೀರಿನ ಭಾರತೀಯ ಮಾನಕವು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿರಲಿ ಎನ್ನುತ್ತದೆ, ಬೇರೆ ಮೂಲವಿಲ್ಲದ ಕಡೆ 600ರವರೆಗೆ ಸೈರಿಸುತ್ತದೆ. ತಣ್ಣಗಿರುವಾಗ ಕರಗಿಯೇ ಇರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾದಾಗ ಒಡೆದು ಇಂಗಾಲದ ಡೈಆಕ್ಸೈಡನ್ನು ಬಿಟ್ಟು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಅಂದರೆ ಸುಣ್ಣಕಲ್ಲಾಗಿ, ಪೈಪಿನ ಒಳಮೈಗೂ ಗೀಸರಿನ ಕಾಯಿಲಿಗೂ ಷವರಿನ ತೂತುಗಳಿಗೂ ಹತ್ತಿಕೊಳ್ಳುತ್ತದೆ. ನೀರನ್ನು ಕುದಿಸಿದರೆ ಗಡಸುತನದ ಒಂದು ಭಾಗ ಹೀಗೆ ಇಳಿಯುತ್ತದೆ, ಆದರೆ ಜಿಲ್ಲೆಯ ಅನೇಕ ಬೋರ್‌ವೆಲ್‌ಗಳನ್ನು ಕಾಡುವ ಫ್ಲೋರೈಡ್ ಕುದಿಸಿದರೂ ಹೋಗುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ತೆಳುವಾದ ಪದರವೆಂದು ಇದನ್ನು ಕಡೆಗಣಿಸುವಂತಿಲ್ಲ. ಪೈಪಿನಲ್ಲಿ ರಭಸದಿಂದ ಸಾಗುವ ನೀರಿಗೆ ಎದುರಾಗುವ ತಡೆ ಒಳವ್ಯಾಸದ ಸುಮಾರು ಐದನೆಯ ಘಾತಕ್ಕೆ ವಿಲೋಮವಾಗಿ ಹೆಚ್ಚುತ್ತದೆ, ಅಂದರೆ ವ್ಯಾಸ ಅರ್ಧವಾದರೆ ತಡೆ 32 ಪಟ್ಟಾಗುತ್ತದೆ. 15 ಮಿಲಿಮೀಟರ್ ಒಳವ್ಯಾಸದ ಪೈಪಿನ ಸುತ್ತಲೂ ಎರಡು ಮಿಲಿಮೀಟರ್ ಸುಣ್ಣ ಕಟ್ಟಿ 11 ಮಿಲಿಮೀಟರ್ ಉಳಿದರೆ ತಡೆ ನಾಲ್ಕೂಮುಕ್ಕಾಲು ಪಟ್ಟಾಗುತ್ತದೆ, ಅದೇ ಎತ್ತರದ ಟ್ಯಾಂಕಿನಿಂದ ಬರುವ ನೀರು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಪಕ್ಕದ ತಣ್ಣೀರಿನ ನಲ್ಲಿಯಲ್ಲಿ ರಭಸ ಮೊದಲಿನಂತೆಯೇ ಇದ್ದು ಬಿಸಿನೀರಿನಲ್ಲಿ ಮಾತ್ರ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಬಂದಿದ್ದರೆ ಕಾರಣ ಬಹುತೇಕ ಇದೇ. ಷವರಿನ ಬಾಯನ್ನು ಬಿಚ್ಚಿ ವಿನೆಗರ್‌ನಲ್ಲೋ ನಿಂಬೆರಸದಲ್ಲೋ ರಾತ್ರಿಯಿಡೀ ನೆನೆಹಾಕಿದರೆ ಆಮ್ಲ ಸುಣ್ಣವನ್ನು ಕರಗಿಸುತ್ತದೆ. ಪೈಪುಗಳನ್ನೂ ಹೀಟರಿನ ಟ್ಯಾಂಕನ್ನೂ ತಿಳಿದವರಿಂದಲೇ ತೊಳೆಸಬೇಕು, ಪ್ರಬಲ ಆಮ್ಲ ಸುಣ್ಣದ ಜೊತೆಗೆ ಲೋಹವನ್ನೂ ತಿನ್ನುತ್ತದೆ.

ಬಚ್ಚಲಿನ ಗೋಡೆಗೆ ತೂಗುಬಿದ್ದ ಗ್ಯಾಸ್ ಗೀಸರಿನ ವಿಷಯದಲ್ಲಿ ಒತ್ತಡದ ಕೊರತೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ: ನೀರು ಬರುತ್ತದೆ, ಜ್ವಾಲೆ ಹತ್ತುವುದಿಲ್ಲ. ಅದರೊಳಗೆ ರಬ್ಬರಿನ ಒಂದು ತೆಳುಪರದೆಯಿದ್ದು, ಹರಿಯುವ ನೀರು ಕಿರಿದಾದ ಕಂಠವನ್ನು ಹಾಯುವಾಗ ಪರದೆಯ ಎರಡು ಬದಿಗಳ ನಡುವೆ ಹುಟ್ಟುವ ಒತ್ತಡದ ವ್ಯತ್ಯಾಸ ಅದನ್ನು ಸರಿಸಿ ಗ್ಯಾಸಿನ ವಾಲ್ವನ್ನು ತೆರೆಯುತ್ತದೆ. ಎರಡು–ಮೂರು ಮೀಟರ್ ಎತ್ತರದ ನೀರಾದರೂ ಇಲ್ಲದಿದ್ದರೆ ಪರದೆ ಅಲುಗುವುದಿಲ್ಲ, ಹಾಗಾಗಿ ಕೆಳಮಹಡಿಯಲ್ಲಿ ಸರಾಗವಾಗಿ ಹತ್ತುವ ಗೀಸರ್ ಮೇಲ್ಮಹಡಿಯಲ್ಲಿ ಮೊಂಡುಹಿಡಿಯುತ್ತದೆ. ನೀರಿಲ್ಲದೆ ಬೆಂಕಿ ಉರಿಯದಂತೆ ಕಾಯುವ ಏರ್ಪಾಡು ಇದಾದ್ದರಿಂದ ಇದನ್ನು ತಪ್ಪಿಸಿ ಹೊತ್ತಿಸುವ ಯಾವ ಉಪಾಯವನ್ನೂ ಮಾಡಬಾರದು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಸೇರಿಕೊಂಡು ಜೀವವನ್ನೇ ತೆಗೆಯುತ್ತದೆ.

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಮೊದಲ ಚಳಿಗಾಲದಲ್ಲೇ ಪರಿಚಯ ಮಾಡಿಕೊಳ್ಳಬೇಕಾದ ಬಾಯ್ಲರ್ ಇದೆಲ್ಲಕ್ಕಿಂತ ಬೇರೆ, ಅದು ಮುಚ್ಚಿದ ವ್ಯವಸ್ಥೆ. ಅಲ್ಲಿ ಒಂದೇ ನೀರು ಬಾಯ್ಲರಿನಲ್ಲಿ ಕಾದು, ಕೋಣೆಕೋಣೆಯ ರೇಡಿಯೇಟರುಗಳಲ್ಲಿ ಬಿಸಿಯನ್ನು ಬಿಟ್ಟು, ಪಂಪಿನ ಬಲದಿಂದ ಮರಳಿ ಬಾಯ್ಲರಿಗೆ ಬರುತ್ತಾ ಚಳಿಗಾಲವಿಡೀ ಸುತ್ತುತ್ತಿರುತ್ತದೆ. ತಣ್ಣಗಿರುವಾಗ ಮಾಪಕದಲ್ಲಿ 1ರಿಂದ 1.5 ಬಾರ್ ಇರಬೇಕೆಂಬ ನಿಯಮದ ಹಿಂದೆಯೂ ಎತ್ತರದ ಲೆಕ್ಕವೇ ಇದೆ: ಕೆಳಗಿನ ಬಾಯ್ಲರಿನಿಂದ ಮೇಲ್ಮಹಡಿಯ ರೇಡಿಯೇಟರಿನ ನೆತ್ತಿಗೆ ಐದು ಮೀಟರ್ ಇದ್ದರೆ ನೀರನ್ನು ಅಲ್ಲಿಯವರೆಗೆ ನಿಲ್ಲಿಸಲು ಅರ್ಧ ಬಾರ್ ಬೇಕು, ಆ ನೆತ್ತಿಯಲ್ಲಿ ಗಾಳಿ ಒಳಸೇರದಂತೆ ಇನ್ನೊಂದಿಷ್ಟು ಮಿಗಿಲಾಗಿರಬೇಕು. ಹಿಗ್ಗಿದ ನೀರಿಗೆ ಹೊರಹೋಗುವ ದಾರಿಯಿಲ್ಲದ ಈ ವ್ಯವಸ್ಥೆಯಲ್ಲಿ, 20ರಿಂದ 70 ಡಿಗ್ರಿಗೆ ಕಾದ 100 ಲೀಟರ್ ನೀರಿನ ಎರಡು ಲೀಟರ್ ಹೆಚ್ಚಳವನ್ನು ರಬ್ಬರ್ ಪರದೆಯ ಆಚೆ ಗಾಳಿಯನ್ನೋ ಸಾರಜನಕವನ್ನೋ ತುಂಬಿಟ್ಟ ಒಂದು ಹಿಗ್ಗುಪಾತ್ರೆ ತನ್ನೊಳಗೆ ಹೀರಿಕೊಳ್ಳುತ್ತದೆ. ಅದೂ ಸಾಲದಿದ್ದರೆ 3 ಬಾರ್‌ನಲ್ಲಿ ಸುರಕ್ಷತಾ ವಾಲ್ವ್ ತೆರೆದುಕೊಳ್ಳುತ್ತದೆ.

ಮಾಪಕ 1ಕ್ಕಿಂತ ಕೆಳಗಿಳಿದಾಗ ಬಾಯ್ಲರನ್ನು ಆರಿಸಿ, ತಣ್ಣಗಾಗಲು ಬಿಟ್ಟು, ಊರಿನ ಕುಡಿಯುವ ನೀರಿನ ಪೈಪನ್ನು ಬಾಯ್ಲರಿನ ಪೈಪಿಗೆ ಕೂಡಿಸುವ, ಲೋಹದ ಹೆಣಿಗೆಯ ಪುಟ್ಟ ಕೊಳವೆಯ ವಾಲ್ವುಗಳನ್ನು ಮೆಲ್ಲಗೆ ತೆರೆಯಬೇಕು; ಮುಳ್ಳು ಬೇಕಾದ ಗುರುತಿಗೆ ಬಂದ ಕೂಡಲೇ ಎರಡನ್ನೂ ಬಿಗಿಯಾಗಿ ಮುಚ್ಚಬೇಕು, ಹೆಚ್ಚಾಗಿಬಿಟ್ಟರೆ ಒಂದು ರೇಡಿಯೇಟರಿನ ಬಿರಡೆ ಸಡಿಲಿಸಿ ಸ್ವಲ್ಪ ನೀರು ಬಿಡಬೇಕು. ಮನೆಯವರೇ ಮಾಡಬಹುದಾದಷ್ಟು ಸುಲಭವಾದ ಈ ಕೆಲಸದ ಅಪಾಯವಿರುವುದು ಅದನ್ನು ವಾರವಾರವೂ ಮಾಡುವುದರಲ್ಲಿ. ಹೊಸ ನೀರಿನೊಡನೆ ಹೊಸ ಆಮ್ಲಜನಕ ಒಳಬಂದು ರೇಡಿಯೇಟರಿನ ಕಬ್ಬಿಣವನ್ನು ತಿಂದು ಕಪ್ಪು ಕೆಸರನ್ನು ಹುಟ್ಟಿಸುತ್ತದೆ, ಹೊಸ ಸುಣ್ಣವೂ ಬಂದು ಸೇರುತ್ತದೆ. ಕಾದಾಗ ಮುಳ್ಳು 3ರತ್ತ ನೆಗೆದು ತಣಿದಾಗ ಸೊನ್ನೆಯತ್ತ ಕುಸಿಯುತ್ತಿದ್ದರೆ ಹಿಗ್ಗುಪಾತ್ರೆಯ ಗಾಳಿ ಹೋಗಿದೆ ಎಂದರ್ಥ; ನೆಗೆತವಿಲ್ಲದೆ ನಿಧಾನವಾಗಿ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ತುಮಕೂರಿನ ವಿದ್ಯುತ್ ಗೀಸರಿನ ಕೆಳಗೆ ಸುರಕ್ಷತಾ ವಾಲ್ವಿನಿಂದ ಕಾಯುವ ಹೊತ್ತಿನಲ್ಲಿ ಮಾತ್ರ ತೊಟ್ಟಿಕ್ಕುವ ನೀರಿಗೂ ಹಿಗ್ಗೇ ಕಾರಣ. 15 ಲೀಟರಿಗೆ ಕಾಲು ಲೀಟರಿನಷ್ಟು ಹೆಚ್ಚುವ ನೀರು, ನಾನ್ ರಿಟರ್ನ್ ವಾಲ್ವ್ ಹಿಂದಕ್ಕೆ ಬಿಡದಿದ್ದಾಗ, ಅಲ್ಲಿಂದಲೇ ಹೊರಬರಬೇಕು.

ಇತ್ತೀಚೆಗೆ ತುಮಕೂರಿನ ಹೊಸ ಬಡಾವಣೆಗಳಲ್ಲಿ ಎಲ್ಲ ಬಗೆಯ ಕೊರತೆಗೂ ಪ್ರೆಷರ್ ಪಂಪನ್ನೇ ಸೂಚಿಸಲಾಗುತ್ತಿದೆ. ಮೇಲಂತಸ್ತಿನಲ್ಲಿ ನಿಜವಾಗಿಯೂ ಎತ್ತರ ಸಾಲದಿದ್ದರೆ ಪಂಪು ತಕ್ಕ ಉತ್ತರ. ಆದರೆ ಅದನ್ನು ತಣ್ಣೀರಿನ ಪೈಪಿಗೆ ಮಾತ್ರ ಕೂಡಿಸಿದರೆ ಮಿಕ್ಸರಿನಲ್ಲಿ ಬಲವಾದ ತಣ್ಣೀರು ದುರ್ಬಲ ಬಿಸಿನೀರನ್ನು ಹಿಂದಕ್ಕೆ ನೂಕಿ ಷವರಿಗೆ ಬಿಸಿನೀರೇ ಬಾರದಂತಾಗುತ್ತದೆ. ಸೋಲಾರ್ ಹೀಟರಿನ ಹಿಂದೆ ಕೂಡಿಸಿದರೆ, ಒತ್ತಡ ತಾಳುವಂತೆ ತಯಾರಾಗದ ಗಾಜಿನ ಕೊಳವೆಗಳ ರಬ್ಬರ್ ಉಂಗುರಗಳು ಸೋರತೊಡಗುತ್ತವೆ, ಗಾಳಿಕೊಳವೆಯಿಂದ ನೀರು ಚಿಮ್ಮುತ್ತದೆ. ಹೀಟರಿನ ಮುಂದೆ, ಬಿಸಿನೀರನ್ನು ತಾಳುವ ಪಂಪನ್ನೂ ತಣ್ಣೀರಿಗೆ ಸಮಾನ ಒತ್ತಡದ ಇನ್ನೊಂದನ್ನೂ ಹಾಕಿಸಿದ ಮೇಲೆಯೇ ಎರಡೂ ನೀರು ಸಮನಾಗಿ ಬೆರೆಯುತ್ತವೆ. ಇಷ್ಟೆಲ್ಲ ಖರ್ಚಿನ ಬದಲು ಮನೆ ಕಟ್ಟುವಾಗಲೇ ನಕ್ಷೆಯಲ್ಲಿ ಟ್ಯಾಂಕಿನ ಕಟ್ಟೆಯನ್ನು ಒಂದು ಮೀಟರ್ ಎತ್ತರಿಸಿ, ಸೋಲಾರ್ ಟ್ಯಾಂಕಿನ ನೆತ್ತಿಯನ್ನು ತಣ್ಣೀರಿನ ಟ್ಯಾಂಕಿನ ತಳಕ್ಕಿಂತ ಕೆಳಗಿಟ್ಟು, ಬಿಸಿನೀರಿನ ಪೈಪನ್ನು ಒಂದೇ ಇಳಿಜಾರಿನಲ್ಲಿ ತಂದರೆ ಷವರಿಗೆ 3.2ರ ಬದಲು 4.2 ಮೀಟರ್ ಎತ್ತರದ ನೀರು ಸಿಗುತ್ತದೆ, ಅದಕ್ಕೆ ವಿದ್ಯುತ್ತೂ ಬೇಡ, ರಿಪೇರಿಯೂ ಬೇಡ.